ಗಾಯ ಒಣಗಲಿ ಅಂತ ಬಿಡಬೇಡಿ

ನಮಸ್ಕಾರ. ಸ್ಕ್ರೀನ್ ಮೇಲೆ ಕಾಣುತ್ತಿರುವುದು ನನ್ನ ತಮ್ಮನ ಮೊಣಕಾಲು. ಇಲ್ಲೇ ಮುಂಬೈಯ ಮಾಟುಂಗಾದಲ್ಲಿ, ಫೈವ್ ಗಾರ್ಡನ್ಸ್ ಹತ್ತಿರ ಸೈಕಲ್‌ನಿಂದ ಬಿದ್ದು ತರಚಿಕೊಂಡಿದ್ದಾನೆ. ಇನ್ನೂ ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಗಾಯದ ಅಂಚಿನಲ್ಲಿ ತೆಳುವಾದ ಗುಲಾಬಿ ಗೆರೆ ಇದೆ ಅಲ್ವಾ? ಅದೇ ಹೊಸ ಚರ್ಮ.

ರಕ್ತ ಹೆಪ್ಪುಗಟ್ಟಿದ ಕೆಲವು ಗಂಟೆಗಳಲ್ಲೇ ಅಂಚಿನ ಜೀವಕೋಶಗಳು ಪಕ್ಕದವುಗಳ ಹಿಡಿತ ಸಡಿಲಿಸಿ ಗಾಯದೊಳಗೆ ತೆವಳಲು ಶುರುಮಾಡುತ್ತವೆ. ಅವು ಮುಂದೆ ಹೋದಂತೆ ಹಿಂದೆ ಹೊಸಬರು ಬೇಕು. ಮೇಲ್ಚರ್ಮದ ತಳದ ಪದರದಲ್ಲಿ ಕೋಶ ವಿಭಜನೆ ಜೋರಾಗುವುದು ಆಗಲೇ. ಪ್ರತಿ ಕೋಶವೂ ಮೊದಲು ತನ್ನ 46 ಕ್ರೋಮೋಸೋಮ್‌ಗಳನ್ನು ಪೂರ್ತಿ ನಕಲು ಮಾಡಿಕೊಳ್ಳುತ್ತದೆ. ಹೊತ್ತು ಹಿಡಿಯುವುದು ಈ ತಯಾರಿಗೇ. ಒಂದು ಎರಡಾಗಲು ಸುಮಾರು ಒಂದು ಗಂಟೆ ಸಾಕು. ತರಚಿದ ಗಾಯದಲ್ಲಿ ಕೂದಲ ಬುಡದಿಂದಲೂ ಕೋಶಗಳು ಮೇಲೆ ಬರುತ್ತವೆ. ಅದಕ್ಕೇ ಗಾಯದ ನಡುವೆಯೂ ಅಲ್ಲಲ್ಲಿ ಚುಕ್ಕೆಯಂತೆ ಚರ್ಮ ಮೂಡುತ್ತದೆ.

ನನಗೆ ಎಲ್ಲಕ್ಕಿಂತ ಅಚ್ಚರಿ ಅನಿಸುವುದು ಅವು ನಿಲ್ಲುವ ರೀತಿ. ಎರಡು ಕಡೆಯ ಕೋಶಗಳು ಒಂದಕ್ಕೊಂದು ತಾಗಿದರೆ ಸಾಕು, ತೆವಳುವುದು ನಿಲ್ಲುತ್ತದೆ. ಆಮೇಲೆ ಪದರಗಳು ದಪ್ಪವಾಗುತ್ತವೆ, ವಿಭಜನೆ ಮೊದಲಿನ ವೇಗಕ್ಕೆ ಇಳಿಯುತ್ತದೆ. ಆಳವಾದ ಗಾಯದ ಕಥೆ ಬೇರೆ. ಅಲ್ಲಿ ಒಳಗೆ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತುಂಬಿ ಕಲೆ ಉಳಿಯುತ್ತದೆ. ಆ ಜಾಗಕ್ಕೆ ಮೊದಲಿನ ಬಲದ ಸುಮಾರು 80 ಪರ್ಸೆಂಟ್ ಬಂದರೆ ಅದೇ ಜಾಸ್ತಿ.

ನಮ್ಮ ಅಜ್ಜಿ, "ಬ್ಯಾಂಡೇಜ್ ತೆಗಿ ಮಗಾ, ಗಾಳಿ ಆಡ್ಲಿ, ಬೇಗ ಒಣಗುತ್ತೆ" ಅನ್ನುತ್ತಾರೆ. ನಿಮ್ಮ ಮನೆಯಲ್ಲೂ ಹೀಗೇ ಹೇಳುತ್ತಾರಲ್ವಾ? ಆದರೆ 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಬೇರೆಯೇ ಕಂಡಿತು. ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಉಳಿಸಿದ ಗಾಯಗಳಲ್ಲಿ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಹರಡಿತ್ತು. ಒಣಗಿ ಗಟ್ಟಿಯಾದ ಹಕ್ಕಳೆಯ ಮೇಲೆ ಕೋಶ ತೆವಳಲಾರದು. ಅದರ ಅಡಿಯಲ್ಲಿ, ತೇವ ಇರುವಷ್ಟು ಆಳಕ್ಕೆ ಇಳಿದು ದಾರಿ ಮಾಡಿಕೊಳ್ಳಬೇಕು. ಆದ್ದರಿಂದ ಶುದ್ಧ ನೀರಲ್ಲಿ ತೊಳೆದು, ಸ್ವಲ್ಪ ವ್ಯಾಸಲೀನ್ ಹಚ್ಚಿ, ಮುಚ್ಚಿಡಿ. ಹಕ್ಕಳೆ ಬಂದಿದ್ದರೆ ದಯವಿಟ್ಟು ಕೀಳಬೇಡಿ, ಜತೆಗೆ ಹೊಸ ಚರ್ಮವೂ ಕಿತ್ತು ಬರುತ್ತದೆ.

ತೇವ ಅಂದರೆ ಮುಂಬೈ ಮಳೆನೀರು ಅಂತ ಅಲ್ಲ. ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ಕಡೆ ನಿಲ್ಲುವ ನೀರಿನಲ್ಲಿ ಇಲಿಮೂತ್ರ ಸೇರಿರಬಹುದು. ಲೆಪ್ಟೋಸ್ಪೈರೋಸಿಸ್, ಅಂದರೆ ಇಲಿಜ್ವರದ ರೋಗಾಣು ಇಂಥ ಸಣ್ಣ ಗಾಯದಿಂದಲೇ ಒಳಗೆ ಬರುತ್ತದೆ. ಕಾಲಲ್ಲಿ ಗಾಯ ಇಟ್ಟುಕೊಂಡು ಆ ನೀರಿನಲ್ಲಿ ನಡೆದಿದ್ದರೆ, ಜ್ವರ ಬರಲಿ ಅಂತ ಕಾಯಬೇಡಿ. 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ.