ಸಾಲ್ಡರಿಂಗ್ ಬಿಟ್‌ಗೆ ಅರ ಹಾಕಬಹುದಾ?

ನಮಸ್ಕಾರ. ನೀವು ತುಂಬಾ ಜನ ಕೇಳುತ್ತಿರುವ ಪ್ರಶ್ನೆ ಇದು. ಸಾಲ್ಡರಿಂಗ್ ಐರನ್ ಬಿಟ್, ಅಂದರೆ ಅದರ ಬಿಸಿಯಾಗುವ ತುದಿ, ಕಪ್ಪಾಗಿ ಲೆಡ್ (ಬೆಸುಗೆಗೆ ಕರಗಿಸುವ ಸಾಲ್ಡರ್‌ಗೆ ನಾವು ಹೇಳುವ ಹೆಸರು) ಹಿಡಿಯುತ್ತಿಲ್ಲ, ಅರ ಹಾಕಿ ಉಜ್ಜಬಹುದಾ? ಇದಕ್ಕೆ ಬಿಟ್‌ನ ಒಳಗೆ ಇಣುಕಬೇಕು.

[ಕ್ಲೋಸ್‌ಅಪ್: ಉದ್ದಕ್ಕೆ ಕೊಯ್ದ ಬಿಟ್]

ಒಳಗೆ ಕೆಂಪಗಿರುವುದು ತಾಮ್ರ, ಬಿಸಿ ಬೇಗ ಹರಿಯಲಿ ಅಂತ. ಅಂಚಿನಲ್ಲಿ ಬೆಳ್ಳಗೆ ಒಂದು ಗೆರೆ ಕಾಣುತ್ತಿದೆಯಲ್ಲ, ಅದು ಕಬ್ಬಿಣದ ಲೇಪ. ಒಂದು ಮಿಲಿಮೀಟರ್ ದಪ್ಪವೂ ಇಲ್ಲ. ಅದು ಯಾಕೆ ಬೇಕು? ಮಜಾ ಇರುವುದೇ ಇಲ್ಲಿ.

ತಾಮ್ರ ಕರಗಲು 1085 ಡಿಗ್ರಿ ಬೇಕು. ನಾವು ಕೆಲಸ ಮಾಡುವುದು 350ರ ಆಸುಪಾಸಿನಲ್ಲಿ. ಆದರೂ ತಾಮ್ರ ಕರಗುತ್ತದೆ! ಟೀಗೆ ಹಾಕಿದ ಸಕ್ಕರೆ ನೋಡಿ. ಅದು ಕರಗಲು ಬೆಂಕಿ ಬೇಡ, ಟೀ ಇದ್ದರೆ ಸಾಕು. 60/40 ಲೆಡ್‌ನಲ್ಲಿ 60 ಭಾಗ ತವರ, 40 ಭಾಗ ಸೀಸ. ಕರಗಿದ ತವರ ತಾಮ್ರವನ್ನು ಹಾಗೇ ತನ್ನೊಳಗೆ ಎಳೆದುಕೊಳ್ಳುತ್ತದೆ. ಬರಿ ತಾಮ್ರದ ಬಿಟ್‌ಗೆ ಗುಳಿ ಬೀಳುವುದು ಇದಕ್ಕೇ. ಸೇವ್‌ಬಿಟ್ ಎಂಬ ಸಾಲ್ಡರ್‌ಗೆ ಬೇಕಂತಲೇ ಸ್ವಲ್ಪ ತಾಮ್ರ ಸೇರಿಸಿರುತ್ತಾರೆ. ಮೊದಲೇ ಸಕ್ಕರೆ ತುಂಬಿದ ಟೀಗೆ ಇನ್ನಷ್ಟು ಸಕ್ಕರೆ ಸುಲಭವಾಗಿ ಕರಗಲ್ಲ, ಅಲ್ವಾ? ಎಂಥ ಸೊಗಸಾದ ಉಪಾಯ!

ಕಬ್ಬಿಣವೂ ತವರದಲ್ಲಿ ಕರಗುತ್ತದೆ, ಆದರೆ ತುಂಬಾ ನಿಧಾನವಾಗಿ. ಬಿಟ್‌ನ ಆಯಸ್ಸು ಅಂದರೆ ಆ ಕಬ್ಬಿಣದ ಆಯಸ್ಸು. ಅರ ಹಾಕಿದಿರೋ, ಪದರ ಹೋಯಿತು, ಗುಳಿ ಶುರು. ಬರಿ ತಾಮ್ರದ ಬಿಟ್ ಆದರೆ ಧಾರಾಳವಾಗಿ ಉಜ್ಜಿ. ಅನುಮಾನ ಇದ್ದರೆ ತಣ್ಣಗಿರುವಾಗ ತುದಿಗೆ ಮ್ಯಾಗ್ನೆಟ್ ಹಿಡಿಯಿರಿ. ಗಟ್ಟಿಯಾಗಿ ಅಂಟಿತಾ? ಹಾಗಾದರೆ ಅರ ದೂರ ಇಡಿ.

[ಕ್ಲೋಸ್‌ಅಪ್: ಕಪ್ಪು ತುದಿಯಿಂದ ಲೆಡ್ ಮಣಿಯಂತೆ ಜಾರುತ್ತಿದೆ]

ಮತ್ತೆ ಈ ಕಪ್ಪು? ಆಕ್ಸೈಡ್, ಜೊತೆಗೆ ಸುಟ್ಟ ಫ್ಲಕ್ಸ್ (ಲೆಡ್ ಚೆನ್ನಾಗಿ ಹಿಡಿಯಲಿ ಅಂತ ಬಳಸುವ ಪದಾರ್ಥ). ಬಿಸಿ ತುದಿಯನ್ನು ಹಿತ್ತಾಳೆ ತಂತಿಯ ಉಂಡೆಗೆ ಚುಚ್ಚಿ ತೆಗೆಯಿರಿ, ತಕ್ಷಣ ಫ್ಲಕ್ಸ್ ಇರುವ ಹೊಸ ಲೆಡ್ ಹಚ್ಚಿ. ತುದಿ ಪೂರ್ತಿ ಹೊಳೆಯುವ ತನಕ ಹೀಗೇ ಮಾಡಿ. ಒದ್ದೆ ಸ್ಪಂಜ್ ಕೂಡ ನಡೆಯುತ್ತದೆ, ಆದರೆ ಚೆನ್ನಾಗಿ ಹಿಂಡಿರಬೇಕು.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಸೀಸವಿಲ್ಲದ ಸಾಲ್ಡರ್‌ನಲ್ಲಿ ತವರವೂ ಜಾಸ್ತಿ, ಅದಕ್ಕೆ ಬೇಕಾದ ಬಿಸಿಯೂ ಜಾಸ್ತಿ. ಹಾಗಾಗಿ ಬಿಟ್ ಬೇಗ ಸವೆಯುತ್ತದೆ. ಸುಮ್ನೆ ಬಿಸಿ ಏರಿಸಬೇಡಿ, ಕೆಲಸ ಇಲ್ಲದಾಗ ಆಫ್ ಮಾಡಿ. ಆಫ್ ಮಾಡುವ ಮುಂಚೆ ತುದಿಗೆ ದಪ್ಪಗೆ ಲೆಡ್ ಹಚ್ಚಿ, ಒರೆಸದೆ ಹಾಗೇ ಬಿಡಿ.