ಭಾರತ ನಮ್ಮ ಮನೆಗೆ ಬಂದದ್ದು ಕನ್ನಡದಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಆಧುನಿಕ ಕಾಲದ ಸಾಹಿತ್ಯ ಮತ್ತು ರಾಷ್ಟ್ರೀಯ ಭಾವನೆ ಎಂಬುದು ಇಂದು ನನಗೆ ಒಪ್ಪಿಸಿರುವ ವಿಷಯ. ವಿಷಯ ದೊಡ್ಡದು, ಕಾಲ ಕಡಿಮೆ. ಆದ್ದರಿಂದ ಒಂದೇ ಮಾತು ಹೇಳುತ್ತೇನೆ, ಅದನ್ನೇ ಮತ್ತೆ ಮತ್ತೆ ಹೇಳಿದರೆ ಬೇಸರಿಸಬಾರದು. ಭಾರತವೆಂಬ ಕಲ್ಪನೆ ಕನ್ನಡಿಗರ ಮನೆಯೊಳಕ್ಕೆ ಬಂದದ್ದು ಕನ್ನಡದಲ್ಲಿ, ಮತ್ತು ಅದನ್ನು ಹೊತ್ತು ತಂದವರು ಅನುವಾದಕರು.

19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮಚಂದ್ರರ ಕಾದಂಬರಿಗಳನ್ನು ಒಂದರ ಹಿಂದೊಂದರಂತೆ ಕನ್ನಡಕ್ಕೆ ತಂದರು. ನನ್ನ ಅಜ್ಜಿಯ ಬಳಿ ಅವರ ‘ದುರ್ಗೇಶನಂದಿನಿ’ಯ ಒಂದು ಪ್ರತಿಯಿತ್ತು. ರಟ್ಟು ಎಂದೋ ಹರಿದುಹೋಗಿ, ಹಾಳೆಗಳನ್ನು ಗೋಣಿದಾರದಿಂದ ಹೊಲಿದಿದ್ದ ಆ ಪುಸ್ತಕವನ್ನು ಅಜ್ಜಿ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ನಡುಮನೆಯ ಕಂಬಕ್ಕೊರಗಿ, ಸಾಲಿನ ಮೇಲೆ ಬೆರಳಿಟ್ಟುಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಬಿಷ್ಣುಪುರದಿಂದ ಮಂದಾರಣದ ಕಡೆಗೆ ಒಬ್ಬಂಟಿಯಾಗಿ ಹೊರಟ ಕುದುರೆ ಸವಾರ, ಮುಸ್ಸಂಜೆಯಲ್ಲಿ ಎದ್ದ ಬಿರುಗಾಳಿ, ದಾರಿ ಕಾಣದೆ ಅವನು ಹೊಕ್ಕ ಶಿವಾಲಯ, ಒಳಗಿದ್ದ ಇಬ್ಬರು ಹೆಂಗಸರು, ಇವೆಲ್ಲ ಅಜ್ಜಿಗೆ ಬಾಯಿಪಾಠವಾಗಿದ್ದವು. ಮಂದಾರಣವೆಂದರೆ ತುಮಕೂರು ದಾಟಿದ ಮೇಲೆ ಸಿಗುವ ಊರೆಂದೇ ನಾನು ಬಹಳ ಕಾಲ ನಂಬಿದ್ದೆ.

ಕಾಲೇಜಿಗೆ ಸೇರಿದ ವರ್ಷ ರಜೆಯಲ್ಲಿ ಊರಿಗೆ ಹೋದಾಗ, ಹೊಸದಾಗಿ ಕಲಿತ ಜಂಬದಿಂದ, “ಅಜ್ಜಿ, ಇದನ್ನು ಬರೆದವರು ನಮ್ಮವರಲ್ಲ, ಬಂಗಾಳದವರು” ಎಂದೆ. ಅಜ್ಜಿ ಕನ್ನಡಕ ತೆಗೆದು, “ಬಂಗಾಳದವರಿಗೆ ಇಷ್ಟು ಚೆನ್ನಾಗಿ ಕನ್ನಡ ಬರುತ್ತೇನೋ?” ಎಂದು ಕೇಳಿದರು. ಅನುವಾದದ ವಿಷಯ ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಲ್ಲೂ ಮಳೆ ಬಂದರೆ ದೇವಸ್ಥಾನಕ್ಕೇ ಓಡುತ್ತಾರೆ ಅನ್ನು” ಎಂದು ಪುಟ ತಿರುಗಿಸಿದರು. ರಾಷ್ಟ್ರೀಯತೆಯ ಬಗ್ಗೆ ಅನೇಕ ವಿಚಾರಸಂಕಿರಣಗಳಲ್ಲಿ ಕುಳಿತಿದ್ದೇನೆ. ಇಷ್ಟು ಸರಳವಾಗಿ ಆ ವಿಷಯವನ್ನು ಹೇಳಿದವರನ್ನು ಕಂಡಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಹಿಂದಿಯೂ ಬರುತ್ತಿರಲಿಲ್ಲ. ಬಂಗಾಳ ಅವರ ನಡುಮನೆಗೆ ಬಂದದ್ದು ಕನ್ನಡದಲ್ಲಿ.

ಅತ್ತ ಉತ್ತರ ಕರ್ನಾಟಕದಲ್ಲಿ ಇದೇ ಕೆಲಸವನ್ನು ಗಳಗನಾಥರು ಮರಾಠಿಯಿಂದ ಮಾಡಿದರು. ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಿಸಿದ್ದಲ್ಲದೆ, ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಅದರ ಬಗ್ಗೆಯೇ ಒಂದು ಇಡೀ ಭಾಷಣ ಮಾಡಬಹುದಿತ್ತು, ಆದರೆ ಅಜ್ಜಿಯೇ ಹೆಚ್ಚು ಹೊತ್ತು ತೆಗೆದುಕೊಂಡರು. 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ಕನ್ನಡಿಗರನ್ನು ಎಚ್ಚರಿಸಿದ ಆಲೂರು ವೆಂಕಟರಾಯರೇ ತಿಲಕರ ‘ಗೀತಾರಹಸ್ಯ’ವನ್ನೂ ಕನ್ನಡಕ್ಕೆ ತಂದರೆಂಬುದನ್ನು ದಯವಿಟ್ಟು ಗಮನಿಸಿ. ಕನ್ನಡದ ಅಭಿಮಾನಕ್ಕೂ ದೇಶದ ಅಭಿಮಾನಕ್ಕೂ ಜಗಳವಿದೆಯೆಂದು ವಾದಿಸುವವರು ಈ ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ.

ಕುವೆಂಪು ಅವರು ಇದನ್ನೇ ಒಂದು ಪದದಲ್ಲಿ ಹಿಡಿದಿಟ್ಟರು. 2004ರಲ್ಲಿ ನಾಡಗೀತೆಯಾದ ಅವರ ಕವಿತೆಯನ್ನು ಶಾಲೆಯ ಮಕ್ಕಳೆಲ್ಲ ಹಾಡುತ್ತಾರೆ, ‘ತನುಜಾತೆ’ ಎಂದರೇನೆಂದು ಕೇಳಿದರೆ ಮಾತ್ರ ಮೇಷ್ಟರ ಮುಖ ನೋಡುತ್ತಾರೆ. ತನುಜಾತೆಯೆಂದರೆ ಮಗಳು. ಭಾರತ ತಾಯಿ, ಕರ್ನಾಟಕ ಮಗಳು. ತಾಯಿಯೊಡನೆ ಮಾತನಾಡಲು ಮಗಳು ಬೇರೆ ಭಾಷೆ ಕಲಿಯಬೇಕೆಂದು ಆ ಕವಿತೆ ಎಲ್ಲಿಯೂ ಹೇಳುವುದಿಲ್ಲ.

1954ರಲ್ಲಿ ಆರಂಭವಾದ ಸಾಹಿತ್ಯ ಅಕಾಡೆಮಿ, ಭಾರತೀಯ ಸಾಹಿತ್ಯ ಒಂದೇ, ಬರೆಯುವ ಭಾಷೆಗಳು ಮಾತ್ರ ಹಲವು ಎಂಬ ನಿಲುವನ್ನು ಇಟ್ಟುಕೊಂಡು ಬಂದಿದೆ. ಒಳ್ಳೆಯ ಮಾತು. ಆದರೆ ಆ ‘ಒಂದು’ ತಾನಾಗಿ ಆಗುವುದಿಲ್ಲ, ಯಾರಾದರೂ ಕುಳಿತು ಅನುವಾದಿಸಬೇಕು. ಇಂದು ನಮ್ಮ ತರುಣರು ಪಕ್ಕದ ಮರಾಠಿ, ತೆಲುಗು ಲೇಖಕರನ್ನು ಓದುವುದಾದರೂ ಇಂಗ್ಲಿಷಿನ ಸುತ್ತುದಾರಿಯಲ್ಲಿ ಹೋಗಿ ಓದುತ್ತಾರೆ. ವೆಂಕಟಾಚಾರ್ಯರು ನೇರವಾಗಿ ಬಂಗಾಳಿಯನ್ನೇ ಕಲಿತರು, ಅದೂ ಸರ್ಕಾರಿ ನೌಕರಿ ಮಾಡಿಕೊಂಡು.

ಕಾಲ ಮುಗಿಯಿತೆಂದು ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ. ಅಜ್ಜಿಯ ಪುಸ್ತಕ ಈಗ ನನ್ನ ಮೇಜಿನ ಮೇಲಿದೆ, ದಾರ ಇನ್ನೂ ಬಿಚ್ಚಿಲ್ಲ. ನಮಸ್ಕಾರ.