ಮಾಗಳಿ ಬೇರು ತಿಂದವನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಪೊಟ್ಟಣವನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಸಾಗಿಸಿ. ಬಿಚ್ಚಿ ಮೂಸಿ ನೋಡಿ. ಅಲ್ಲೊಬ್ಬರು ಮುಖ ಕಿವುಚಿದರು, ಅವರ ಪಕ್ಕದವರು ಕಣ್ಣು ಮುಚ್ಚಿ ಇನ್ನೊಂದು ಸಲ ಮೂಸಿದರು. ಇದು ಮಾಗಳಿ ಬೇರು, ಉಪ್ಪಿನಕಾಯಿಗೆ ಹಾಕುವ ಒಂದು ಕಾಡುಬಳ್ಳಿಯ ಬೇರು. ಇದರ ವಾಸನೆಯೇ ಹಾಗೆ. ಕೆಲವರಿಗೆ ತಿಗಣೆ ವಾಸನೆ, ಕೆಲವರಿಗೆ ಬಾಯಲ್ಲಿ ನೀರು. ವೆನಿಲ್ಲಾಗೆ ಘಮ ಕೊಡುವ ವೆನಿಲಿನ್ ಇದೆಯಲ್ಲ, ಅದರ ಒಡಹುಟ್ಟು ಅನ್ನಬಹುದಾದ ಪದಾರ್ಥ ಈ ಬೇರಿನಲ್ಲಿದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಇದರ ಮೇಲೆ ಸಂಶೋಧನೆಯೂ ಆಗಿದೆ.

ನಿನ್ನೆ ಮೈಸೂರಿನ ಮಾರುಕಟ್ಟೆಯಲ್ಲಿ ಕೊಂಡಿದ್ದು ಇದು. ಕೊಂಡದ್ದು ಸರಿಯೋ ತಪ್ಪೋ ಅಂತ ನಾನೇ ಇನ್ನೂ ತೀರ್ಮಾನ ಮಾಡಿಲ್ಲ.

ನಮ್ಮೂರು ನಾಗಮಂಗಲದ ಕಡೆ. ಚಿಕ್ಕಂದಿನಲ್ಲಿ ಬೆಟ್ಟದ ಕಡೆಯಿಂದ ಒಬ್ಬ ಈ ಬೇರನ್ನು ಗೋಣಿಚೀಲದಲ್ಲಿ ತರುತ್ತಿದ್ದ. ಅಜ್ಜಿ ಅದನ್ನು ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಸಿಪ್ಪೆ ಹೆರೆದು, ಉದ್ದಕ್ಕೆ ಸೀಳುತ್ತಿದ್ದಳು. ನಡುವೆ ಒಂದು ಗಟ್ಟಿ ಕಡ್ಡಿ ಇರುತ್ತದೆ, ಅದನ್ನು ಎಳೆದು ಬಿಸಾಡಬೇಕು. ಉಳಿದ ತಿರುಳನ್ನು ಚೂರು ಮಾಡಿ ಉಪ್ಪು ಬೆರೆಸಿದ ಮಜ್ಜಿಗೆಗೆ ಹಾಕುವುದು. ಆಮೇಲೆ ಅರೆದ ಸಾಸಿವೆ, ಒಣಮೆಣಸಿನಕಾಯಿ ಬೆರೆಸಿ ಜಾಡಿಗೆ ತುಂಬಿದರೆ ಉಪ್ಪಿನಕಾಯಿ. ಹೊಟ್ಟೆಗೆ ತಂಪು, ಬಾಯಿರುಚಿ ಕೆಟ್ಟವರಿಗೆ ಒಳ್ಳೆಯದು ಅಂತ ಹೇಳಿ ಬಡಿಸುತ್ತಿದ್ದಳು. ಔಷಧಿ ಅನ್ನುವ ನೆಪದಲ್ಲಿ ನಾವು ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆವು.

ಆ ಜಾಡಿಯ ಹಿಂದೆ ಎಷ್ಟು ಬಳ್ಳಿ ಸತ್ತಿವೆ ಅಂತ ಯಾರೂ ಕೇಳಲಿಲ್ಲ. ಮಾಗಳಿ ಬೆಳೆಯುವುದು ಬಂಡೆಸಂದಿಯಲ್ಲಿ, ಕುರುಚಲು ಕಾಡಿನಲ್ಲಿ. ಬೇರು ಗೆಣಸಿನ ಹಾಗೆ ಗೊಂಚಲಾಗಿ ಇಳಿದಿರುತ್ತದೆ. ಈ ಗಾತ್ರಕ್ಕೆ ಬರಲು ವರ್ಷಗಟ್ಟಲೆ ಬೇಕು. ಹಾರೆ ಹಾಕಿ ಮೀಟಿದರೆ ಅರ್ಧ ಗಂಟೆಯ ಕೆಲಸ. ದಕ್ಷಿಣ ಭಾರತ ಬಿಟ್ಟರೆ ಈ ಬಳ್ಳಿ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಈಗ ಅಳಿವಿನ ಭಯವಿರುವ ಗಿಡಗಳ ಪಟ್ಟಿಗೆ ಸೇರಿದೆ.

ಹಾಗಂತ ಹಾರೆ ಹಿಡಿದವನನ್ನೇ ಕಳ್ಳ ಅನ್ನುವುದು ಸುಲಭ. ಪಕ್ಕದ ಬಿಳಿಗಿರಿರಂಗನ ಬೆಟ್ಟದ ನೆಲ್ಲಿ ಕಥೆ ಕೇಳಿ. ಅಲ್ಲಿ ನೆಲ್ಲಿಮರ ಒಣಗುವುದಕ್ಕೆ ಕಾಯಿ ಕೀಳುವ ಸೋಲಿಗರೇ, ಅಂದರೆ ಆ ಬೆಟ್ಟದ ಬುಡಕಟ್ಟಿನ ಜನರೇ, ಕಾರಣ ಅಂತ ಮೊದಲು ದೂರುತ್ತಿದ್ದರು. ಮರದ ರಸ ಹೀರುವ ಬಂದಳಿಕೆಯನ್ನು ಸೋಲಿಗರು ಉಪ್ಪಿಲು ಅನ್ನುತ್ತಾರೆ. ಹಿಂದೆ ಕಾಡಿನ ನೆಲದ ಒಣ ಎಲೆಗೆ ತರಗು ಬೆಂಕಿ ಹಾಕುತ್ತಿದ್ದಾಗ ಉಪ್ಪಿಲು ಹತೋಟಿಯಲ್ಲಿತ್ತು, ಬೆಂಕಿ ನಿಂತ ಮೇಲೆ ಹೆಚ್ಚಿತು ಅನ್ನುವುದು ಅವರ ಮಾತು. ಸಂಶೋಧಕರು ಆ ಮಾತನ್ನು ತಳ್ಳಿಹಾಕದೆ ಅಧ್ಯಯನಕ್ಕೆ ತೆಗೆದುಕೊಂಡರು. ಕೊಯ್ಯುವವನಿಗೆ ಗಿಡದ ಸಮಾಚಾರ ನಮಗಿಂತ ಜಾಸ್ತಿ ಗೊತ್ತಿರುತ್ತದೆ. ಮಾಗಳಿ ವಿಷಯದಲ್ಲಿ ಬೇರು ಅಗೆಸುತ್ತಿರುವುದು ನನ್ನಂಥವರ ನಾಲಿಗೆ, ಅಲ್ವಾ?

ಎಲ್ಲ ಗಿಡದ ಲೆಕ್ಕವೂ ಒಂದೇ ಅಲ್ಲ. ಅಮೃತಬಳ್ಳಿ ನೋಡಿ. ಒಂದು ತುಂಡು ಕತ್ತರಿಸಿ ಬೇವಿನ ಕೊಂಬೆಗೆ ಸುಮ್ನೆ ನೇತುಹಾಕಿದರೂ ದಾರದಂಥ ಬೇರು ಇಳಿಬಿಟ್ಟು ಬದುಕುತ್ತದೆ. ಕೊರೋನಾ ಕಾಲದಲ್ಲಿ ಜನ ಮುಗಿಬಿದ್ದು ಕಷಾಯ ಕುಡಿದರು. ಬಳ್ಳಿಗೇನೂ ಆಗಲಿಲ್ಲ, ಕುಡಿದ ಕೆಲವರ ಪಿತ್ತಜನಕಾಂಗಕ್ಕೆ ತೊಂದರೆಯಾಯಿತು ಅಂತ ವರದಿಗಳು ಬಂದವು. ಗಿಡಮೂಲಿಕೆ ತಾನೇ ಅಂತ ಚೊಂಬುಗಟ್ಟಲೆ ಕುಡಿಯಬೇಡಿ.

ತೊಗಟೆ ಇನ್ನೂ ನಾಜೂಕು. ಶ್ರೀರಂಗಪಟ್ಟಣದ ಸುತ್ತ ಕಾವೇರಿ ದಡದಲ್ಲಿ ಹೊಳೆಮತ್ತಿ ಮರಗಳಿವೆ. ಹೃದಯದ ಔಷಧಿಗೆ ಅದರ ತೊಗಟೆ ಬೇಕು. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ಒಳತೊಗಟೆಯ ಮೂಲಕವೇ. ಸುತ್ತ ಬಳೆಯ ಹಾಗೆ ಸುಲಿದರೆ ಬೇರು ಉಪವಾಸ ಬಿದ್ದು ಮರ ನಿಂತಲ್ಲೇ ಸಾಯುತ್ತದೆ. ಒಂದೇ ಮಗ್ಗುಲಲ್ಲಿ, ಉದ್ದಕ್ಕೆ, ಅಂಗೈ ಅಗಲದ ಪಟ್ಟಿ ತೆಗೆಯಬೇಕು. ಮರದ ಬಿಳಿಭಾಗಕ್ಕೆ ಕತ್ತಿ ತಾಗಬಾರದು. ಆ ಗಾಯ ಕೂಡಿಕೊಳ್ಳುವ ತನಕ ಮತ್ತೆ ಅಲ್ಲಿ ಕೈ ಹಾಕಬಾರದು.

ಇನ್ನು ಮಂಡ್ಯದ ಬದುಗಳು. ಔಷಧಿ ಗಿಡಕ್ಕೆ ಅಂತ ಕಾಡಿಗೆ ಹೋಗುವ ಕೆಲಸವೇ ಇರಲಿಲ್ಲ ನಮಗೆ. ನೆಲನೆಲ್ಲಿ, ಗರಗ, ಹೊನಗೊನ್ನೆ, ಒಂದೆಲಗ ಎಲ್ಲ ನಾಲೆ ಪಕ್ಕ, ಗದ್ದೆ ಬದುವಿನಲ್ಲೇ ಸಿಗುತ್ತಿದ್ದವು. ಈಗ ಕಬ್ಬಿನ ಗದ್ದೆಗೆ ಕಳೆನಾಶಕ ಹೊಡೆಯುವವರು ಬದುವನ್ನೂ ಬಿಡುವುದಿಲ್ಲ. ಯಾರೂ ಕೀಳದೆಯೇ ಗಿಡ ಹೋಯಿತು. ಆಳು ಸಿಗುವುದಿಲ್ಲ, ಏನು ಮಾಡಲಿ ಅಂತ ನನ್ನ ತಮ್ಮನೇ ಕೇಳುತ್ತಾನೆ. ಬದುವಿಗಾದರೂ ಹೊಡೆಯಬೇಡ ಅಂದೆ. ಈ ವರ್ಷ ಒಂದು ಬದು ಬಿಟ್ಟಿದ್ದಾನೆ.

ಅಜ್ಜಿ ಕಾಮಾಲೆಗೆ ಅಂತ ನೆಲನೆಲ್ಲಿ ಕೀಳುವಾಗ ಗಿಡವನ್ನು ಅಲ್ಲೇ ಎರಡು ಸಲ ಒದರುತ್ತಿದ್ದಳು. ಮಣ್ಣು ಉದುರಿಸಲು ಅಂದುಕೊಂಡಿದ್ದೆ. ಗಿಡ ತಿರುಗಿಸಿ ನೋಡಿ, ಎಲೆಯ ಅಡಿಯಲ್ಲಿ ಸಾಸಿವೆ ಗಾತ್ರದ ಕಾಯಿಗಳ ಸಾಲು ಇರುತ್ತದೆ. ಒದರಿದರೆ ಅದರ ಬೀಜ ಅಲ್ಲೇ ನೆಲಕ್ಕೆ ಬೀಳುತ್ತದೆ. ಕಾಯಿ ಬಲಿಯದ ಗಿಡವನ್ನು ಆಕೆ ಮುಟ್ಟುತ್ತಿರಲಿಲ್ಲ. ಇವತ್ತು ಕಾಮಾಲೆ ಅಂದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಅದು ಬೇರೆ ಮಾತು. ಆದರೆ ಆ ಒದರುವುದು ಮಾತ್ರ ನನಗೆ ಮರೆತಿಲ್ಲ.

ಮಾಗಳಿಗೂ ಅಂಥದ್ದೊಂದು ದಾರಿ ಬೇಕು. ಕಾಯಿ ಒಡೆದು ರೇಷ್ಮೆಯಂಥ ಎಳೆ ಹೊತ್ತ ಬೀಜ ಹಾರಿಹೋದ ಮೇಲೆ ಅಗೆಯುವುದು. ಒಂದು ಮಗ್ಗುಲಿನ ಎರಡು ಬೇರು ತೆಗೆದು, ಉಳಿದ ಗೊಂಚಲು ಬಿಟ್ಟು, ಗುಂಡಿ ಮುಚ್ಚುವುದು. ಚೀಲದ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾರೂ ಹೀಗೆ ಅಗೆಯುವುದಿಲ್ಲ. ಬೆಲೆ ಜಾಸ್ತಿ ಕೊಡಬೇಕು, ತಿನ್ನುವುದು ಕಡಿಮೆ ಮಾಡಬೇಕು. ಇಲ್ಲವೇ ನಾವೇ ಬೆಳೆಯಬೇಕು.

ನಾನು ಹನ್ನೆರಡು ಬೀಜ ಹಾಕಿದ್ದೆ, ಮೂರು ಮೊಳೆತವು. ಎರಡು ವರ್ಷವಾಯಿತು, ತಾರಸಿಯ ಮೇಲೆ ಹಳೆ ಡ್ರಮ್ಮಿನಲ್ಲಿವೆ. ಮೊನ್ನೆ ಮಣ್ಣು ಸರಿಸಿ ನೋಡಿದೆ. ಬೇರು ನನ್ನ ಕಿರುಬೆರಳಿನಷ್ಟಿದೆ. ಮತ್ತೆ ಮುಚ್ಚಿಟ್ಟೆ. ಮನೆಯವಳು, ಉಪ್ಪಿನಕಾಯಿ ಯಾವಾಗ ಅಂತ ಕೇಳುತ್ತಲೇ ಇದ್ದಾಳೆ.

ಪೊಟ್ಟಣ ಎಲ್ಲಿಗೆ ಬಂತು? ಹಿಂದಿನ ಸಾಲಿನವರು ಮೂಸಿ ಆಯಿತಾ? ಒಂದೆರಡು ಬೇರು ಕಡಿಮೆಯಾಗಿದ್ದರೂ ನಾನು ಕೇಳುವುದಿಲ್ಲ.